ದಾರ ಬಿಚ್ಚಿದ ಪುಸ್ತಕ

ಅಣ್ಣ ಜೈಲಿನಲ್ಲಿ ಬರೆದ ಪುಸ್ತಕ ಅಚ್ಚಾದದ್ದು ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲೇ. ಶಾಲೆ ಬಿಟ್ಟಾಗಿನಿಂದ ನನ್ನದು ಅಲ್ಲಿ ಬೈಂಡಿಂಗ್ ಕೆಲಸ. ಹಾಳೆ ಮಡಿಸುತ್ತಲೇ ಅಷ್ಟನ್ನೂ ಓದಿದೆ. ಜ್ವರ ಬಂದರೆ ಸಾಕು, ವೈದ್ಯರು ಓಡಿ ಬರುತ್ತಾರೆ, ಗಲ್ಲಿಗೆ ಆರೋಗ್ಯವಂತನೇ ಬೇಕಂತೆ ಎಂದು ಒಂದು ಕಡೆ ಬರೆದಿದ್ದ. ಪಕ್ಕದಲ್ಲಿ ಕೂತವರು ಏನು ಅಷ್ಟೊಂದು ಓದುತ್ತೀಯ ಎಂದರು. ಏನಿಲ್ಲ ಎಂದೆ. ಬರೆದವನು ನನ್ನ ಅಣ್ಣನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅಮ್ಮ ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದಳು.

ಕ್ಷಮೆಯ ಅರ್ಜಿ ತಿರಸ್ಕಾರವಾಗಿ, ಗಲ್ಲಿಗೆ ದಿನವೂ ಗೊತ್ತಾಗಿತ್ತು. ಅದಕ್ಕೆ ಮೊದಲು ಅವನ ಕೈಗೊಂದು ಪ್ರತಿ ಸೇರಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಉಳಿದ ಪ್ರತಿಗಳಿಗೆಲ್ಲ ಬರೀ ಅಂಟು. ಅವನದಕ್ಕೆ ಮಾತ್ರ ಮೇಣ ಸವರಿದ ದಾರದಿಂದ ಕೈಹೊಲಿಗೆ ಹಾಕಿದೆ.

ಕೊನೆಯ ಭೇಟಿಗೆ ಒಬ್ಬಳೇ ಹೋದೆ. ಅಮ್ಮ ತನ್ನಿಂದಾಗದು ಎಂದಿದ್ದಳು. ಗೇಟಿನ ಕಾವಲುಗಾರ ಪುಸ್ತಕ ಅಗಲಿಸಿ ನೋಡಿ, ದಾರ ಇರುವುದನ್ನು ಒಳಗೆ ಬಿಡುವ ಹಾಗಿಲ್ಲ ಎಂದ. ವಯಸ್ಸಾದವನು, ಗದರಲಿಲ್ಲ.

"ಕತ್ತಿಗೆ ಬಿಗಿದುಕೊಂಡ್ರೆ ನನ್ನ ಕೆಲಸ ಹೋಗುತ್ತಮ್ಮ."

ನಾನು ಹೊರಗಿನವರ ಮುಂದೆ ಬಾಯಿ ಬಿಡುವವಳೇ ಅಲ್ಲ. ಆದರೂ ಕೇಳಿಬಿಟ್ಟೆ. "ಬರೋ ವಾರ ನೀವೇ ಬಿಗಿಯೋದಲ್ವಾ?"

"ಅದಕ್ಕೆ ಆರ್ಡರ್ ಇದೆ," ಎಂದ. "ಇದಕ್ಕಿಲ್ಲ."

ಬೇರೆ ಪ್ರತಿ ತರುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದುಹೋಗುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು, ಕೂದಲಿನ ಪಿನ್ನಿನಿಂದ ಗಂಟು ಸಡಿಲಿಸಿ, ದಾರವನ್ನೆಲ್ಲ ಎಳೆದುಕೊಟ್ಟೆ. ಅವನು ಬಿಡಿ ಹಾಳೆಗಳನ್ನು ಒಂದೊಂದಾಗಿ ಕೊಡವಿ, ಹಿಂದು ಮುಂದಾದ ಕಂತೆಯನ್ನೇ ಒಳಗೆ ಕಳಿಸಿದ.

ಜಾಲರಿಯಾಚೆ ಅಣ್ಣ ಆ ಹಾಳೆಗಳನ್ನು ಎದೆಗೊತ್ತಿಕೊಂಡು ಬಂದ. ಬಂದವನೇ ನಕ್ಕ.

"ಏನೇ ಇದು? ನನ್ನ ತಂಗಿ ಕೈಕೆಲಸ ಅಂತ ಎಲ್ಲರ ಹತ್ರ ಕೊಚ್ಚಿಕೊಂಡಿದ್ದೆ. ಮರ್ಯಾದೆ ತೆಗೆದೆಯಲ್ಲೇ."

ದಾರದ ವಿಷಯ ಹೇಳಲಿಲ್ಲ. ಅವಸರದಲ್ಲಿ ಹಾಗಾಯಿತು, ಮುಂದಿನ ಸಲ ಗಟ್ಟಿಯಾಗಿ ಕಟ್ಟಿ ತರುತ್ತೇನೆ ಎಂದುಬಿಟ್ಟೆ.

ಅವನು ಹಾಳೆಗಳನ್ನು ಇನ್ನಷ್ಟು ಒತ್ತಿಕೊಂಡ. "ಹೂಂ. ತಾ," ಎಂದ.

ಆಮೇಲೆ ನೆಲದ ಮೇಲೆ ಕೂತು, ಪುಟದ ಅಂಕಿ ನೋಡಿ ಹಾಳೆಗಳನ್ನು ಜೋಡಿಸತೊಡಗಿದ. ನಾನೂ ಈಚೆ ಕೂತು, ಅವನ ಕಣ್ಣಿಗೆ ಬೀಳದ ಹಾಳೆಗಳನ್ನು ಬೆರಳು ಮಾಡಿ ತೋರಿಸುತ್ತಾ ಹೋದೆ. ಹೊತ್ತಾಯಿತು ಎಂದು ಕಾವಲಿನವರು ಕರೆದಾಗ ಇನ್ನೂ ಅರ್ಧ ಉಳಿದಿತ್ತು.