ಆರ್ಡಿತ್ ಹೊಲಿದ ಬಿಳಿ ಅಂಗಿ

"ಮುಚ್ಚಳ ಮುಚ್ಚಬೇಡಿ. ಮೊದಲು ಆ ಅಂಗಿ ಬಿಚ್ಚಿ," ಎಂದು ಹಾರ್ಲಿಸ್ ಶವಪೆಟ್ಟಿಗೆಯ ಮೇಲೆ ಕೈಯೂರಿ ನಿಂತುಬಿಟ್ಟ.

ಪ್ರಾರ್ಥನೆ ಮುಗಿದಿತ್ತು, ಹೊರುವವರು ಎದ್ದು ಬಂದಿದ್ದರು. ಕೆಂಟಕಿಯ ಆ ಕಣಿವೆಯ ಪುಟ್ಟ ಚರ್ಚಿಗೆ ಎಂಬತ್ತೆರಡರ ಈ ಮುದುಕನೇ ಸಭೆಯ ಹಿರಿಯ. ಸಮಾಧಿ ಜಾಗದ ಗೇಟಿನ ಕೀಲಿ ಅವನ ಕೋಟಿನ ಜೇಬಿನಲ್ಲಿತ್ತು. ಅದನ್ನು ಯಾರೂ ಮರೆಯಬಾರದೆಂದು ಆಗಾಗ ಜೇಬು ತಡವಿಕೊಳ್ಳುತ್ತಿದ್ದ.

"ಇಷ್ಟು ಜನರ ಎದುರು ನಮ್ಮಮ್ಮನ ಬಟ್ಟೆ ಬಿಚ್ಚೋದಾ? ನಾಚಿಕೆ ಆಗಲ್ವಾ ನಿಮಗೆ?" ಆರ್ಡಿತಳ ಮಗಳು ಡಾರ್ಲಾ ನುಗ್ಗಿ ಬಂದಳು.

"ಒಳಗಡೆ ಕೋಣೇಲಿ ಬಿಚ್ಚು. ಬೇರೆ ಏನಾದ್ರೂ ಹಾಕಿ ಗಂಡನ ಪಕ್ಕದಲ್ಲೇ ಮಣ್ಣು ಮಾಡು, ಯಾರು ಬೇಡ ಅಂದ್ರು? ಆದ್ರೆ ಇದು ದೀಕ್ಷಾಸ್ನಾನದ ಅಂಗಿ. ನೀರಿಗಿಳಿದವರದ್ದು. ನಿಮ್ಮಮ್ಮ ಪಾದಾನೂ ಅದ್ದಿಲ್ಲ."

"ಈ ಊರಲ್ಲಿ ಇಳಿದವರಿಗೆಲ್ಲ ಅಂಗಿ ಹೊಲಿದವಳೇ ಅವಳು. ಇದನ್ನೂ ತಾನೇ ಇಸ್ತ್ರಿ ಮಾಡಿಟ್ಟು, ನಂಗೆ ಇದನ್ನೇ ಹಾಕು ಅಂದಿದ್ಲು."

"ಹೊಲಿಯೋದು ಬೇರೆ, ನಂಬೋದು ಬೇರೆ. ನಾವು ಕೂಸಿನ ತಲೆಗೆ ನೀರು ಚಿಮುಕಿಸಿ ಕಳಿಸೋರಲ್ಲ. ಬುದ್ಧಿ ಬಂದಮೇಲೆ ಸಭೆ ಮುಂದೆ ನಿಂತು ಬಾಯಿಬಿಟ್ಟು ಕೇಳಬೇಕು. ಹಳೇ ಬಾಳನ್ನ ನೀರಲ್ಲಿ ಹೂತು ಹೊಸದಾಗಿ ಏಳಬೇಕು. ಹೆಣ ಕೇಳತ್ತಾ?"

"ಕೇಳಿದ್ಲು! ಹದಿನಾರನೇ ವಯಸ್ಸಲ್ಲಿ ಇಲ್ಲೇ ನಿಂತು ಕೇಳಿದ್ಲು. ನಿಮ್ಮಪ್ಪ ನಕ್ಕ. ನೀವೂ ನಕ್ರಿ."

ಪಾಸ್ಟರ್ ತನ್ನ ಬೂಟು ನೋಡಿಕೊಂಡ. ಅವನನ್ನು ಆ ಊರಿಗೆ ಕರೆಸಿಕೊಂಡವನು ಹಾರ್ಲಿಸನೇ. ಪೆಟ್ಟಿಗೆಯಲ್ಲಿ ಆರ್ಡಿತ್ ಬಿಳಿ ಅಂಗಿ ತೊಟ್ಟು ಮಲಗಿದ್ದಳು. ಕಾಯಿಲೆಗೆ ಬಡಕಲಾಗಿ, ಹದಿನಾರರ ಅಂಗಿ ಎಂಬತ್ತೊಂದರಲ್ಲಿ ಮತ್ತೆ ಸರಿಹೋಗಿತ್ತು.

* * *

ಅವಳ ಹದಿನಾರರ ಆ ಬೇಸಿಗೆಯಲ್ಲಿ ಐದು ಮಕ್ಕಳು ತೊರೆಗಿಳಿಯುವುದಿತ್ತು. ನೀರಲ್ಲಿ ಅಂಗಿ ತೇಲಿ ಮೇಲೆದ್ದರೆ ಮಾನ ಹೋಗುತ್ತದೆಂದು ಎಲ್ಲರೂ ಅಂಚಿನ ಮಡಿಕೆಯೊಳಗೆ ಗಾಳದ ಸೀಸದ ಗುಂಡುಗಳನ್ನಿಟ್ಟು ಹೊಲಿಯುತ್ತಿದ್ದರು. ಆರ್ಡಿತ್ ಕೂಡ ಅಪ್ಪನ ಗುಂಡುಗಳನ್ನು ಕದ್ದು ಹೊಲಿದುಕೊಂಡಿದ್ದಳು.

ಆಗ ಹಿರಿಯನಾಗಿದ್ದವನು ಹಾರ್ಲಿಸನ ಅಪ್ಪ. "ಯಾಕಮ್ಮಾ ನೀರಿಗಿಳೀಬೇಕು ಅಂತೀಯ?" ಎಂದು ಕೇಳಿದ.

ಉಳಿದವರು ಪಾಪ, ಪಶ್ಚಾತ್ತಾಪ ಎಂದು ಗಿಣಿಪಾಠ ಒಪ್ಪಿಸಿ ಪಾರಾಗಿದ್ದರು. ಈ ಪೆದ್ದಿ ನಿಜ ಹೇಳಿದಳು. "ನೀರಿಗಿಳಿದೋರೆಲ್ಲ ಮುಂದಿನ ಬೆಂಚಿಗೆ ಹೋಗ್ತಾರೆ. ಹಿಂದೆ ಒಬ್ಬಳೇ ಕೂರೋಕೆ ಬೇಜಾರು."

ಇಡೀ ಚರ್ಚು ನಕ್ಕಿತು.

"ಇದೇನು ಈಜಾಟ ಅಂದ್ಕೊಂಡ್ಯಾ? ಮುಂದಿನ ವರ್ಷ ಬಾ."

ಅವಳು ಹೋಗಲಿಲ್ಲ. ಮುಂದಿನ ವರ್ಷವೂ ಇಲ್ಲ, ಅದರಾಚೆಗೂ ಇಲ್ಲ. ಒಮ್ಮೆ ಕರೆದಿದ್ದರೆ ಹೋಗುತ್ತಿದ್ದಳೇನೋ, ಯಾರೂ ಕರೆಯಲಿಲ್ಲ. ಅರವತ್ತೈದು ವರ್ಷ ಅದೇ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರ ಬೆನ್ನು ನೋಡಿದಳು. ಎಂಥಾ ಹಟಮಾರಿ ಹೆಂಗಸು!

* * *

"ನಾನೂ ಒಂದು ಮಾತು ಹೇಳ್ಬೇಕು," ಎಂದು ಟ್ರೆಸ್ಸಾ ಎದ್ದಳು. ಹದಿನಾರರ ಈ ಹುಡುಗಿ ಬರುವ ಭಾನುವಾರ ತೊರೆಗಿಳಿಯುವವಳು. ಎರಡು ವರ್ಷದಲ್ಲಿ ಆ ಚರ್ಚಿಗೆ ಸಿಕ್ಕಿದ್ದು ಇವಳೊಬ್ಬಳೇ.

"ನನ್ನ ಅಂಗಿಗೆ ಅಳತೆ ತಗೋವಾಗ ಆರ್ಡಿತ್ ಅಜ್ಜಿ ಕೇಳಿದ್ರು, ಯಾಕೆ ಇಳೀತೀಯ ಅಂತ. ಗೊತ್ತಿಲ್ಲ ಅಜ್ಜಿ, ಭಯ ಆಗತ್ತೆ ಅಂದೆ. 'ಅಷ್ಟು ಸಾಕು, ಬಾ' ಅಂದ್ರು."

"ಅಪ್ಪನ ಏಟಿಗೆ ಹೆದರಿ ಇಳೀತಿದೀನಿ ಅಂದಿದ್ದೆ ನಾನು. ನಂಗೂ ಹಂಗೇ ಅಂದ್ಲು," ಎಂದ ಹೊರುವವರಲ್ಲೊಬ್ಬ.

"ಅವರ ಅಂಗಿ ಬಿಚ್ಚಿದ್ರೆ ನಂದು ನಾನು ತೊಡಲ್ಲ. ಭಾನುವಾರ ನೀವೇ ಇಳೀರಿ ತಾತ," ಎಂದಳು ಟ್ರೆಸ್ಸಾ.

"ನನ್ನನ್ನೇ ಬೆದರಿಸ್ತೀಯೇನೇ?" ಹಾರ್ಲಿಸನ ಕುತ್ತಿಗೆ ಕೆಂಪೇರಿತು. "ಈ ಆರ್ಡಿತಳ ನಾಟಕ ನೋಡಿ ಎಲ್ಲರೂ! ಮಣ್ಣಿಗೆ ಹೋಗೋಕೆ ಸೀಸ ಬೇರೆ ತುಂಬಿಕೊಂಡಿದಾಳೆ!" ಎನ್ನುತ್ತ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದೆತ್ತಿದ.

ಅಂಚು ಹಗುರವಾಗಿತ್ತು. ಬಿಚ್ಚಿದ ಹೊಲಿಗೆಯ ತೂತುಗಳು ಸಾಲಾಗಿ ಉಳಿದಿದ್ದವು, ಒಳಗೆ ಒಂದು ಗುಂಡೂ ಇರಲಿಲ್ಲ. ಅವನು ಬಹಳ ಹೊತ್ತು ಅಂಚನ್ನು ಕೈಬಿಡಲಿಲ್ಲ.

* * *

ಚರ್ಚು ನಕ್ಕ ಅದೇ ದಿನ, ತೊರೆಯ ದಡದಲ್ಲಿ ಹದಿನೇಳರ ಹಾರ್ಲಿಸ್ ನಿಂತಿದ್ದ. ತಾಯಿಯಿಲ್ಲದ ಮನೆ, ಅವನ ಅಂಗಿಗೆ ಸೀಸ ಹೊಲಿಯುವವರು ಯಾರೂ ಇರಲಿಲ್ಲ. ಜೊತೆಯ ಹುಡುಗರು ಆಗಲೇ ಹಲ್ಲು ಕಿರಿಯುತ್ತಿದ್ದರು. ಒಂದು ಗಂಟೆ ಮುಂಚೆ ಯಾರನ್ನು ನೋಡಿ ಅವನು ನಕ್ಕಿದ್ದನೋ ಅವಳೇ ಬಂದು ಕಾಲ ಬಳಿ ಕೂತಳು. ತನ್ನ ಅಂಗಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಗುಂಡುಗಳನ್ನೆಲ್ಲ ಅವನ ಅಂಚಿಗೆ ಹೊಲಿದಳು.

"ನೆಟ್ಟಗೆ ನಿಂತ್ಕೊಳೋ. ನಂಗಿವತ್ತು ಇದು ಬೇಕಾಗಲ್ಲ."

ಅವನು ಸೀದಾ ನೀರಿಗೆ ನಡೆದ. ಅವಳತ್ತ ತಿರುಗಿಯೂ ನೋಡಲಿಲ್ಲ.

* * *

ಹಾರ್ಲಿಸ್ ಅಂಚು ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

"ಗೇಟಿಗೆ ಬೀಗ ಜಡಿಯೋಕೆ ಹೋದ," ಎಂದರು ಯಾರೋ.

"ಜಡೀಲಿ. ಬೇಲಿ ಮುರಿದು ಒಳಗೆ ಹೋಗ್ತೀನಿ," ಎಂದಳು ಡಾರ್ಲಾ.

ಅವನ ಮನೆ ರಸ್ತೆಯಾಚೆಗೇ ಇತ್ತು. ತಿರುಗಿ ಬಂದಾಗ ಕೈಯಲ್ಲಿ ಹಳದಿಯಾದ ಒಂದು ಹಳೆಯ ಅಂಗಿಯೂ ಸೂಜಿದಾರವೂ ಇದ್ದವು. ಯಾರೂ ಅವನಿಗೆ ದಾರಿ ಬಿಡಲಿಲ್ಲ, ಅವನೇ ತಳ್ಳಿಕೊಂಡು ಬಂದ. ಜೇಬುಚಾಕುವಿನಿಂದ ತನ್ನ ಆ ಹಳೆಯ ಅಂಗಿಯ ಅಂಚನ್ನು ಸೀಳಿದ. ಸೀಸದ ಗುಂಡುಗಳು ಅಂಗೈಗೆ ಉದುರಿದವು. ಸೂಜಿಗೆ ದಾರ ಪೋಣಿಸಲು ಹೋಗಿ ಸೋತು, ಅದನ್ನು ಟ್ರೆಸ್ಸಾಳತ್ತ ಚಾಚಿದ.

"ಏನು ನೋಡ್ತಾ ನಿಂತಿದೀಯ? ಪೋಣಿಸು."

ಅವಳು ಪೋಣಿಸಿಕೊಟ್ಟಳು. ಅವನು ಬಗ್ಗಿ, ಸೊಟ್ಟಸೊಟ್ಟ ಹೊಲಿಗೆ ಹಾಕುತ್ತ ಗುಂಡುಗಳನ್ನು ಒಂದೊಂದಾಗಿ ಆರ್ಡಿತಳ ಅಂಚಿಗೆ ಸೇರಿಸಿದ. ಡಾರ್ಲಾ ಎದೆಯ ಮೇಲೆ ಕೈಕಟ್ಟಿ ನಿಂತೇ ಇದ್ದಳು, ಅವಳ ಸಿಟ್ಟಿನ್ನೂ ಇಳಿದಿರಲಿಲ್ಲ.

ದಾರ ಕಚ್ಚಿ ತುಂಡರಿಸಿ, ಹಾರ್ಲಿಸ್ ಅಂಗಿಯನ್ನು ಆರ್ಡಿತಳ ಪಾದದ ಮೇಲೆ ಎಳೆದ. ಅದು ಎಳೆದಲ್ಲೇ ನಿಂತಿತು.