ಯಶೋಧ, ಬಿಂಡಿಗನವಿಲೆ

“ಯಶೋಧಕ್ಕ ಎಲ್ಲಿ ಸಾ?”

ರವೀಂದ್ರ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಸಮುದಾಯ ಭವನದ ಬಾಗಿಲಲ್ಲಿ ನಿಂತಿದ್ದ ತಿಮ್ಮೇಶ ನಮಸ್ಕಾರಕ್ಕೂ ಮೊದಲೇ ಅವನ ಭುಜದ ಹಿಂದೆ, ಖಾಲಿ ಮೆಟ್ಟಿಲ ಮೇಲೆ, ಕಣ್ಣಾಡಿಸಿದ. ತಿಮ್ಮೇಶನದು ಇದೇ ಪಾಂಡವಪುರದಲ್ಲಿ ಮೊಬೈಲ್ ಅಂಗಡಿ. ಅಲ್ಲಿ ಕೂತೇ ಸುತ್ತಲ ಹಳೇ ರೇಡಿಯೋ ಕೇಳುಗರನ್ನೆಲ್ಲ ಹುಡುಕಿ ಒಂದು ವಾಟ್ಸಾಪ್ ಗುಂಪು ಕಟ್ಟಿದ್ದ. ಈ ಭಾನುವಾರದ ಸಮಾವೇಶವೂ ಅವನದೇ.

“ಬರಲಿಲ್ಲ.”

“ಉಸಾರಾಗವ್ರಾ?”

“ಹ್ಞೂಂ.”

ಅಲ್ಲಿಗೆ ಕೆಟ್ಟಿತು. ಯಶೋಧ ಅನ್ನುವವಳು ಎಂದೂ ಇರಲಿಲ್ಲ.

ಪಿಯುಸಿ ಓದುವಾಗ ರವೀಂದ್ರ ರೇಡಿಯೋದ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆಯುತ್ತಿದ್ದ. ಹಾಡು ಯಾರಿಗೆ ಬೇಕಿತ್ತು? ಹಾಡಿಗೆ ಮೊದಲು ಹೆಸರು ಓದುತ್ತಿದ್ದರಲ್ಲ, ಅದು ಬೇಕಿತ್ತು. ಬೇರೆ ಊರಿನವರು ಒಂದೊಂದು ಕಾರ್ಡಿಗೂ ಒಂದು ಗಾಡಿ ಹೆಸರು ತುರುಕುತ್ತಿದ್ದರು: ಅಜ್ಜಿ, ಅತ್ತೆ, ತೊಟ್ಟಿಲ ಕೂಸು. ಅವನು ಅಪ್ಪನ ಹೆಸರು ಬರೆದಿದ್ದರೆ ಅಪ್ಪ ಬೆನ್ನು ಮುರಿಯುತ್ತಿದ್ದ. ಒಂಟಿ ಹೆಸರು ರೇಡಿಯೋದಲ್ಲಿ ಬಡಕಲಾಗಿ ಕೇಳುತ್ತಿತ್ತು. ಕೊನೆಗೆ ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ ಬೆಣ್ಣೆಕೃಷ್ಣನ ಕಿವಿ ಹಿಂಡುತ್ತಿದ್ದವಳ ಹೆಸರನ್ನು ಎತ್ತಿ ತನ್ನ ಪಕ್ಕ ಕೂರಿಸಿಕೊಂಡ.

‘ಬಿಂಡಿಗನವಿಲೆಯಿಂದ ರವೀಂದ್ರ, ಯಶೋಧ.’

ಉದ್ಘೋಷಕಿಯ ದನಿ ಎರಡು ಹೆಸರುಗಳ ನಡುವೆ ಒಂಚೂರು ಉಸಿರು ತೆಗೆದುಕೊಂಡಿತ್ತು. ಆ ಉಸಿರಿನಲ್ಲಿ ಅವನು ಎರಡು ವರ್ಷ ಸುಖವಾಗಿ ಸಂಸಾರ ಮಾಡಿದ.

ಈಗ ಐವತ್ತು. ನಾಗಮಂಗಲದ ಒಂದು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ದಿನಕ್ಕೆ ನಾಲ್ಕು ಸಲ ಹಾಜರಿ ಕರೆಯುತ್ತಾನೆ. ಅವನ ಹೆಸರನ್ನು ಕರೆಯುವವರು ಉಳಿದಿಲ್ಲ. ಹೆಂಡತಿಗೆ ‘ಏನ್ರೀ’, ಹುಡುಗರಿಗೆ ‘ಇಸ್ಟ್ರಿ’. ನಿವೃತ್ತ ಉದ್ಘೋಷಕಿ ಜಯಲಕ್ಷ್ಮಮ್ಮ ಹಳೆಯ ಹೆಸರುಗಳನ್ನು ಮತ್ತೆ ಓದುತ್ತಾರೆಂದು ಆಮಂತ್ರಣದಲ್ಲಿತ್ತು. ಆ ದನಿಯಲ್ಲಿ ಇನ್ನೊಂದು ಸಲ ತನ್ನ ಹೆಸರು ಕೇಳಬೇಕು. ಅವನು ಬಸ್ಸು ಹತ್ತಿ ಬಂದದ್ದು ಅಷ್ಟಕ್ಕೇ.

ಆಮಂತ್ರಣವನ್ನು ಹೆಂಡತಿ ದೀಪ ಮೊದಲು ಓದಿದ್ದಳು.

“ಯಾರ್ರೀ ಈ ಯಶೋಧ?”

“ಯಾರೂ ಇಲ್ಲ.”

“ಇಲ್ದೋಳ ಎಸ್ರು ಅಚ್ಚಾಯ್ತದಾ? ಓಗಿ, ಅವಳ್ನೇ ಕರ್ಕಂಡೋಗಿ.”

ಭವನದೊಳಗೆ ಜನ ಗಿಜಿಗುಡುತ್ತಿದ್ದರು. ಮೇಜಿನ ಮೇಲೆ ಕ್ಯಾಸೆಟ್ಟು, ಸೈಕಲ್ ಡೈನಮೋ, ಟೂರಿಂಗ್ ಟಾಕೀಸಿನ ಟಿಕೆಟ್ಟು, ಮುಟ್ಟಬೇಡಿ ಎಂಬ ಚೀಟಿ. ಮೂಲೆಯಲ್ಲಿ ರಟ್ಟಿನ ಕೆಂಪು ಬಸ್ಸು ನಿಲ್ಲಿಸಿದ್ದರು. ಅದರ ಕಿಟಕಿಯಲ್ಲಿ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳಲು ನೂಕುನುಗ್ಗಲು. ನಿಜವಾದ ಕೆಂಪು ಬಸ್ಸನ್ನು ಬೈಯುತ್ತಲೇ ಇಳಿದು ಬಂದವರೇ ಅಲ್ಲಿ ಹಲ್ಲು ಕಿರಿಯುತ್ತಿದ್ದರು.

“ನೀವೇ ಅಲ್ವಾ ಬಿಂಡಿಗನವಿಲೆ?”

ಕಿಕ್ಕೇರಿಯ ಚಿಕ್ಕಸ್ವಾಮಿ. ಅರವತ್ತು ದಾಟಿದ ಮನುಷ್ಯ. ಮೀಸೆಗೆ ಬಣ್ಣ, ಹೆಗಲಿಗೆ ಟವೆಲ್ಲು. ಆ ಕಾಲದಲ್ಲಿ ವಾರಕ್ಕೆ ಹತ್ತು ಕಾರ್ಡು ಹಾಕುತ್ತಿದ್ದವನು.

“ತಪ್ಪು ತಿಳೀಬ್ಯಾಡಿ. ವಯಸ್ಸು ಅಂಗಿತ್ತು. ಯಶೋಧಮ್ಮೋರ್ನ ನೋಡ್ಬೇಕು ಅಂತ ಒಂದ್ ದಪ ಸೈಕಲ್ ತುಳ್ಕಂಡು ನಿಮ್ಮೂರ್ಗೆ ಬಂದಿದ್ದೆ.”

“ನಮ್ಮೂರಿಗಾ?”

“ಊ ಕಣಿ. ಅರಳೀಕಟ್ಟೇಲಿ ಕೇಳುದ್ರೆ ಅಂಥೋಳು ಯಾರೂ ಇಲ್ಲ ಅಂದ್ಬುಟ್ರು. ಊರೇ ಸೇರ್ಕಂಡು ಬಚ್ಚಿಟ್ಟವ್ರೆ ಅಂತ ಆವಾಗ್ಲೇ ಗೊತ್ತಾಯ್ತು.”

“ಇಲ್ಲದೇ ಇರಬಹುದಲ್ಲ?”

“ಏ, ಬುಡಿ ಸಾ! ಸುಳ್ಳೇಳದ್ನೂ ನೆಟ್ಟಗೇಳ್ನಿಲ್ಲ ನಿಮ್ಮೂರೋರು. ಓಗ್ಲಿ, ರವೀಂದ್ರ ಅನ್ನೋನಾದ್ರೂ ಅವ್ನಾ ಅಂದ್ರೆ, ಅವ್ನೂ ಇಲ್ಲ ಅಂದ್ರು!”

ಚಿಕ್ಕಸ್ವಾಮಿ ತೊಡೆ ತಟ್ಟಿ ನಕ್ಕ. ರವೀಂದ್ರನೂ ನಕ್ಕ. ಊರಿನಲ್ಲಿ ಅವನನ್ನು ಎಲ್ಲರೂ ಚಿನ್ನು ಅನ್ನುತ್ತಿದ್ದರು, ಅಷ್ಟೇ. ವಿಷಯ ಸರಳ. ಆದರೂ ನಗು ಅರ್ಧಕ್ಕೆ ನಿಂತಿತು. ಇತಿಹಾಸದ ಮೇಷ್ಟ್ರಿಗೆ ಲೆಕ್ಕ ಗೊತ್ತಾಗುತ್ತದೆ: ಅವನಿಗೂ ಯಶೋಧಳಿಗೂ ಇರುವ ಸಾಕ್ಷಿ ಒಂದೇ ಕಾರ್ಡು, ಇಬ್ಬರನ್ನೂ ಇಲ್ಲವೆಂದದ್ದು ಒಂದೇ ಕಟ್ಟೆ.

ರವೀಂದ್ರ ಹೋಗಿ ತಿಮ್ಮೇಶನನ್ನು ಕಂಬದ ಮರೆಗೆ ಕರೆದ.

“ಒಂದು ಹೇಳಬೇಕು. ಯಶೋಧ ಅಂತ ಯಾರೂ ಇಲ್ಲ. ನಾನೇ ಹುಟ್ಟಿಸಿ ಬರೆದದ್ದು.”

ತಿಮ್ಮೇಶ ಅವನ ಮುಖವನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ, “ಮನೇಲಿ ಜಗಳಾನಾ ಸಾ?” ಎಂದ.

“ಜಗಳ ಅಲ್ಲಪ್ಪ.”

“ಗಂಡ ಎಂಡ್ತಿ ಅಂದ್ಮೇಕೆ ಇದ್ದದ್ದೇಯ. ಇಲ್ಲ ಅಂದ್ಬುಟ್ರೆ ಇಲ್ದಂಗಾಯ್ತಾರಾ? ನಾನ್ ನೋಡ್ಕತೀನಿ ಬುಡಿ.”

ಅವನು ಜೇಬಿನಿಂದ ಪಟ್ಟಿ ತೆಗೆದು, ಪೆನ್ನಿನಿಂದ ಏನೋ ತಿದ್ದಿ, ವೇದಿಕೆಗೆ ಓಡಿದ.

ಜಯಲಕ್ಷ್ಮಮ್ಮನನ್ನು ಇಬ್ಬರು ಹಿಡಿದು ಮೈಕಿನ ಮುಂದೆ ಕೂರಿಸಿದರು. ಹಲ್ಲು ಹೋಗಿತ್ತು, ಕೂದಲು ಹೋಗಿತ್ತು. ಬಾಯಿ ತೆರೆದರು. ದನಿಗೆ ವಯಸ್ಸೇ ಆಗಿರಲಿಲ್ಲ.

“ಕಿಕ್ಕೇರಿಯಿಂದ ಚಿಕ್ಕಸ್ವಾಮಿ, ಬೀರಮ್ಮ, ಬೋರಯ್ಯ ಮತ್ತು ಮನೆಯವರೆಲ್ಲ.”

ಚಿಕ್ಕಸ್ವಾಮಿ ಎದ್ದು ನಿಂತು ಟವೆಲ್ಲು ಬೀಸಿದ. ತೊಣ್ಣೂರಿನ ಒಂದು ಗುಂಪಿನ ಹೆಸರಾಯಿತು. ಹದಿನೇಳರ ಹುಡುಗನ ಹಾಗೆ ರವೀಂದ್ರ ಕುರ್ಚಿಯ ತುದಿಗೆ ಸರಿದು ಕೂತ.

“ಬಿಂಡಿಗನವಿಲೆಯಿಂದ ಶ್ರೀಮತಿ ಯಶೋಧ,” ಎಂದಿತು ದನಿ. ಅದೇ ಒಂಚೂರು ಉಸಿರು. “ಮತ್ತು ಅವರ ಯಜಮಾನರು.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ತಿಮ್ಮೇಶ ವೇದಿಕೆಯಿಂದ ಕಣ್ಣು ಮಿಟುಕಿಸಿದ: ರಾಜಿ ಮಾಡಿಸಿದೆ ನೋಡಿ, ಅನ್ನುವ ಹಾಗೆ. ರವೀಂದ್ರನಿಗೆ ಶಾಲು ಹೊದಿಸಿ ಕೈಗೆ ಸ್ಮರಣಿಕೆ ಕೊಟ್ಟರು. ಪ್ಲೈವುಡ್ಡಿನ ಪುಟ್ಟ ರೇಡಿಯೋ. ಗುಂಡಿ ಅಂಟಿಸಿದ್ದು, ತಿರುಗುವುದಿಲ್ಲ. ಕೆಳಗೆ ಬಂಗಾರದ ಅಕ್ಷರದಲ್ಲಿ ಯಶೋಧಳ ಹೆಸರು.

“ಅಕ್ಕಂಗೆ ಕೊಟ್ಬುಡಿ ಸಾ,” ಎಂದ ತಿಮ್ಮೇಶ.

ಸಂಜೆಯ ನಾಗಮಂಗಲದ ಬಸ್ಸಿಗೆ ಇಡೀ ಸ್ಟ್ಯಾಂಡು ಮುಗಿಬಿದ್ದಿತ್ತು. ಅವನು ಹುಡುಗನಾಗಿದ್ದಾಗ ಮಾಡುತ್ತಿದ್ದಂತೆ ಹೊರಗಿನಿಂದಲೇ ಕಿಟಕಿಯೊಳಕ್ಕೆ ಶಾಲು ಎಸೆದ. ಅದು ಬಿಚ್ಚಿಕೊಂಡು ಎರಡು ಸೀಟಿನ ಮೇಲೂ ಹರಡಿತು. ಒಳಗೆ ಹೋಗಿ ಈ ಕಡೆಯ ಸೀಟಿನಲ್ಲಿ ಕೂತ. ಕಿಟಕಿ ಪಕ್ಕದ ಸೀಟಿಗೆ ಶಾಲನ್ನು ಸರಿಸಿ, ಅದರ ಮೇಲೆ ಸ್ಮರಣಿಕೆ ಇಟ್ಟ.

ಸೊಪ್ಪು ಮಾರಿ ಖಾಲಿ ಕುಕ್ಕೆ ಹಿಡಿದಿದ್ದ ಹೆಂಗಸು ಅವನ ಪಕ್ಕ ಬಂದು ನಿಂತಳು.

“ಅಲ್ಯಾರಾದ್ರೂ ಅವ್ರಾ ಸಾಮಿ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಬೆಳಿಗ್ಗೆಯಿಂದ ಮುಗಿಸಲು ನೋಡುತ್ತಿದ್ದದ್ದೂ ಅದನ್ನೇ.

“ಇದ್ದಾರೆ.”

ಬಸ್ಸು ಹೊರಟಿತು. ಯಾರೂ ಬರಲಿಲ್ಲ.

“ಎಲ್ಲಿ ಬಸ್ ಅತ್ತಾರು?”

“ಮುಂದೆ.”

“ಎಂಗಸ್ರಾ?”

“ಹ್ಞೂಂ.”

ಕಂಡಕ್ಟರು ಬಂದ. “ಎಂಗಸ್ರಾದ್ರೆ ಫ್ರೀ. ಬಸ್ ಅತ್ತುದ್ಮೇಲೆ ಆಧಾರ್ ತೋರುಸ್ಬೇಕು ಅಂತ ಅವ್ರಿಗೇಳಿ,” ಎಂದು ಅವನಿಗೊಂದು ಟಿಕೆಟ್ಟು ಹರಿದು ಮುಂದೆ ಸರಿದ.

ಊರು ದಾಟಿತು. ಕಬ್ಬಿನ ಗದ್ದೆಗಳು ಬಂದವು. ನಿಂತವರೆಲ್ಲ ಒಮ್ಮೆ ಆ ಸೀಟು ನೋಡುತ್ತಿದ್ದರು, ಒಮ್ಮೆ ಅವನನ್ನು. ಜಕ್ಕನಹಳ್ಳಿಯಲ್ಲೂ ಯಾರೂ ಹತ್ತದಿದ್ದಾಗ ಹೆಂಗಸು ಕುಕ್ಕೆಯನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿ ಹೇಳಿದಳು:

“ಒಂದ್ ಕೆಲ್ಸ ಮಾಡಿ. ನೀವೇ ಏಳಿ. ನಾನ್ ನಿಮ್ಮ ಜಾಗ್ದಾಗೆ ಕೂತ್ಕತೀನಿ. ಆಯಮ್ಮ ಬಂದ್ರೆ ಎಂಗಸ್ರ ಪಕ್ಕ ಎಂಗಸ್ರು, ಸರೋಯ್ತದೆ.”

ಮಾತು ನ್ಯಾಯವಾಗಿತ್ತು. ರವೀಂದ್ರ ಎದ್ದ.

ಹೆಂಗಸು ಕೂತಳು. ಅವನು ಮೇಲಿನ ಕಂಬಿ ಹಿಡಿದು ಜನರ ನಡುವೆ ಜೋಲಾಡಿದ. ಹಿಂದಿನಿಂದ ಯಾರೋ ‘ಒಳಕ್ಕೋಗಪ್ಪೋ’ ಎಂದು ಬೆನ್ನಿಗೆ ತಿವಿದರು. ಕಿಟಕಿಯಿಂದ ಗಾಳಿ ನುಗ್ಗಿ ಖಾಲಿ ಸೀಟಿನ ಮೇಲಿನ ಶಾಲು ಜಾರತೊಡಗಿತು. ಹೆಂಗಸು ಅತ್ತ ತಿರುಗಿ, ಅದರ ಅಂಚು ಹಿಡಿದು, ನಿದ್ದೆಹೋದವಳ ಸೆರಗನ್ನು ಸರಿಮಾಡುವ ಹಾಗೆ ಮೆತ್ತಗೆ ಮೇಲಕ್ಕೆಳೆದು ಸಿಕ್ಕಿಸಿದಳು.