ಅಪ್ಪಣೆಯಿಲ್ಲದೆ ಬೆಳೆದ ಹುಲ್ಲು

ಗೊಂಬೆಗೆ ಜೀವ ಕೊಡುವುದು ದೇವರಿಗಾದರೆ ಒಂದು ಉಸಿರಿನ ಕೆಲಸ. ಮನುಷ್ಯನಿಗೆ ಬೆನ್ನುನೋವಿನ ಕೆಲಸ. ಗೊಂಬೆಯ ಕಾಲನ್ನು ಎಳ್ಳಷ್ಟು ಸರಿಸಿ ಒಂದು ಫೋಟೋ ತೆಗೆಯಬೇಕು. ಮತ್ತೆ ಎಳ್ಳಷ್ಟು ಸರಿಸಿ ಮತ್ತೊಂದು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಬಗ್ಗಿ ನಿಂತರೆ, ಆ ಫೋಟೋಗಳನ್ನೆಲ್ಲ ಸೇರಿಸಿ ಓಡಿಸಿದಾಗ, ಗೊಂಬೆ ಪರದೆಯ ಮೇಲೆ ಒಂದು ಆಕಳಿಕೆಯಷ್ಟು ಹೊತ್ತು ಬದುಕುತ್ತದೆ.

ಇಂಥ ಕೆಲಸವನ್ನು ನೆಚ್ಚಿಕೊಂಡಿದ್ದವನೊಬ್ಬ. ಬೀದಿಯವರಿಗೆ ಅವನು ಗೊಂಬೆಯಪ್ಪ, ಹೆಂಡತಿಗೆ ‘ರೀ’, ಜೊತೆಯಲ್ಲೇ ಇದ್ದ ಅತ್ತೆಗೆ ‘ಅಳಿಯಂದ್ರು’. ಈ ಕಥೆಯಲ್ಲಿ ಅತ್ತೆಯದೇ ಕೈವಾಡ ಹೆಚ್ಚಾದ್ದರಿಂದ ನಾವೂ ಅವನನ್ನು ಅಳಿಯ ಎಂದೇ ಕರೆಯೋಣ.

ಅಳಿಯನ ಕೈಯಲ್ಲಿ ಕಲೆಯಿತ್ತು, ತಲೆಯಲ್ಲಿ ಹುಳವಿತ್ತು. ಮೊದಲು ಕಾಗೆ-ಹೂಜಿಯ ಕಥೆ ಮಾಡಹೊರಟ. ಇನ್ನೇನು ಮುಗಿಯಿತು ಎನ್ನುವಾಗ ಕಾಗೆಯ ಎಡರೆಕ್ಕೆ ಬಲರೆಕ್ಕೆಗಿಂತ ಕಪ್ಪಾಗಿ ಕಂಡಿತು. “ಮೊದಲಿಂದ ಮಾಡೋಣ” ಎಂದ. ಕಾಗೆ ಇವತ್ತಿಗೂ ಬಾಯಾರಿಕೊಂಡೇ ಕೂತಿದೆ. ಆಮೇಲೆ ಸಿಂಹ-ಇಲಿ. ಕೊನೆಯ ದೃಶ್ಯದಲ್ಲಿ ಇಲಿಗೆ ಒಂದು ಮೀಸೆ ಕಡಿಮೆ. “ಮೊದಲಿಂದ ಮಾಡೋಣ.” ಸಿಂಹ ಬಲೆಯಲ್ಲೇ ಉಳಿಯಿತು. ಆನೆ ಹೋಗಿ ಬಾಲ ಸಿಕ್ಕಿಕೊಳ್ಳುವುದು ಅವನ ಮನೆಯಲ್ಲಿ ಗಾದೆಯಾಗಿರಲಿಲ್ಲ, ದಿನಚರಿಯಾಗಿತ್ತು.

ಮೂರನೆಯದು ಆಮೆ-ಮೊಲದ ಪಂದ್ಯ. ಕಥೆ ಹೇಳುವ ದನಿ ಅತ್ತೆಯದು, ಕ್ಯಾಮೆರಾ ಹಿಡಿಯುವವಳು ಹೆಂಡತಿ. ಅವಳು ಮೊದಲ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದ್ದಳು: “ನೋಡಿ, ಗ್ರಂಥಾಲಯದಮ್ಮ ಮಕ್ಕಳ ಕೋಣೆ ತೆರೆಯೋ ದಿನ ನಮ್ಮ ಸಿನಿಮಾ ಅಂತ ಬಾಗಿಲಿಗೇ ಅಂಟಿಸಿಬಿಟ್ಟಿದ್ದಾರೆ. ಈ ಸಲ ನಿಮ್ಮ ಬಾಯಲ್ಲಿ ‘ಮೊದಲಿಂದ’ ಅಂತ ಬಂತೋ, ಕ್ಯಾಮೆರಾ ಎತ್ಕೊಂಡು ಮದುವೆ ಫೋಟೋ ತೆಗೆಯೋಕೆ ಹೋಗ್ತೀನಿ. ಅಲ್ಲಿ ಗಂಡು-ಹೆಣ್ಣು ಅವರಾಗೇ ಅಲ್ಲಾಡ್ತಾರೆ.”

ದರ್ಜಿ ಅಂಗಡಿಯ ಹಿಂದಿನ ತಗಡಿನ ಕೊಠಡಿ ಅವರ ಕೆಲಸದ ಜಾಗ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಬಯಲು, ಬಯಲಿನ ಮೇಲೆ ಎರಡು ದೀಪ. ಅಲ್ಲಿ ಅಳಿಯನದು ಒಂದೇ ಕಾನೂನು: “ನನ್ನ ಅಪ್ಪಣೆ ಇಲ್ದೆ ಇಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಬಾರದು.”

ಅತ್ತೆ ಅದನ್ನು ಕೇಳಿದಾಗಲೆಲ್ಲ ತಗಡಿನ ಸೂರಿನ ಕಡೆ ಕೈಮುಗಿದು, “ಆ ಮಾತು ಹೇಳೋನು ಬೇರೆ ಒಬ್ಬನಿದ್ದಾನೆ, ಅಳಿಯಂದ್ರೇ. ಕೇಳಿಸ್ಕೊಂಡಾನು, ಮೆಲ್ಲಗೆ ಹೇಳಿ” ಎನ್ನುತ್ತಿದ್ದರು.

ಕೊನೆಗುಳಿದದ್ದು ಮೊಲದ ನಿದ್ದೆ. ಅದೇ ಕಷ್ಟದ್ದು. ಗೊಂಬೆಯನ್ನು ಸುಮ್ಮನೆ ಮಲಗಿಸಿದರೆ ಮಲಗಿದಂತೆ ಕಾಣುವುದಿಲ್ಲ, ಸತ್ತಂತೆ ಕಾಣುತ್ತದೆ. ಅದಕ್ಕೆ ಮೊಲದ ಹೊಟ್ಟೆಯೊಳಗೆ ಪುಟ್ಟ ಬಲೂನಿಟ್ಟು, ಫೋಟೋಗೊಮ್ಮೆ ಕೂದಲೆಳೆಯಷ್ಟು ಗಾಳಿ ತುಂಬಿ, ಕೂದಲೆಳೆಯಷ್ಟು ಬಿಟ್ಟು, ಅಳಿಯ ಅದಕ್ಕೆ ಉಸಿರಾಡಿಸುತ್ತಿದ್ದ. ಕಾಗದದ ಹುಲ್ಲು ದೀಪದ ಶಾಖಕ್ಕೆ ಸುರುಳಿ ಸುತ್ತುತ್ತದೆಂದು ತಟ್ಟೆಯಲ್ಲಿ ನಿಜವಾದ ಹುಲ್ಲನ್ನೇ ಬೆಳೆಸಿ, ಗಿಡ್ಡಗೆ ಕತ್ತರಿಸಿ ಇಟ್ಟಿದ್ದ. ಇನ್ನು ನೀರು ಹಾಕದಿದ್ದರಾಯಿತು, ಹುಲ್ಲು ಹಾಗೇ ನಿಂತಿರುತ್ತದೆ ಎಂಬುದು ಅವನ ಲೆಕ್ಕ. ಹುಲ್ಲನ್ನು ಮಾತ್ರ ಅವನು ಕೇಳಿರಲಿಲ್ಲ.

ಒಂದು ವಾರ ಅವನ ಕಣ್ಣು ಮೊಲದ ಹೊಟ್ಟೆ ಬಿಟ್ಟು ಕದಲಲಿಲ್ಲ. ನಡುವೆ ಆಮೆ ಬಂತು, ಮೊಲದ ಪಕ್ಕದಿಂದ ತೆವಳಿಕೊಂಡು ಹೊರಟಿತು.

“ಏನೇ, ಆಮೆ ಯಾಕೋ ಕುಳ್ಳಗಾಗಿದೆ” ಎಂದ ಅಳಿಯ. “ದೀಪದ ಬಿಸಿಗೆ ಕುಗ್ಗಿರಬೇಕು.”

“ನಾನೂ ಕುಗ್ಗಿದೀನಿ. ಅದನ್ನ ಯಾರು ಕೇಳ್ತಾರೆ?” ಎಂದಳು ಹೆಂಡತಿ.

ಅವನು ಆಮೆಯ ಕಾಲುಗಳ ಕೆಳಗೆ ಜೇಡಿಮಣ್ಣು ಮೆತ್ತಿ ಎತ್ತರ ಮಾಡಿದ. ಮರುದಿನ ಮತ್ತೆ ಕುಳ್ಳಗಾಗಿತ್ತು. ಮತ್ತೆ ಮೆತ್ತಿದ.

ಎಲ್ಲ ಮುಗಿದ ಮೇಲೆ ಹೆಂಡತಿ ಫೋಟೋಗಳನ್ನು ಸೇರಿಸಿ ಓಡಿಸಿದಳು. ಮೂವರೂ ಪರದೆಯ ಮುಂದೆ ಕೂತರು. ಮೊಲ ಆಕಳಿಸಿತು, ಕಿವಿ ಮಡಚಿತು, ಮಲಗಿತು. ಹೊಟ್ಟೆ ಏರಿತು, ಇಳಿಯಿತು. ಅಳಿಯನ ಎದೆಯೂ ಜೊತೆಗೇ ಏರಿ ಇಳಿಯಿತು. ಅಷ್ಟರಲ್ಲಿ ಹುಲ್ಲು ಏಳತೊಡಗಿತು. ಮೊಲದ ಕಾಲು ಮುಚ್ಚಿತು. ಸೊಂಟ ಮುಚ್ಚಿತು. ಮೂತಿಯ ತನಕ ಬಂದು, ಏನು ನಡೆದಿದೆ ಎಂದು ಇಣುಕುವ ನೆರೆಹೊರೆಯವರಂತೆ ದೀಪದ ಕಡೆಗೆ ವಾಲಿ ನಿಂತಿತು. ಆ ಕಾಡಿನ ನಡುವೆ ಮರಗಾಲು ಕಟ್ಟಿಕೊಂಡ ಆಮೆಯೊಂದು ಬರುಬರುತ್ತ ಎತ್ತರವಾಗುತ್ತ ಗಂಭೀರವಾಗಿ ನಡೆದುಹೋಯಿತು.

ಕಣ್ಣೆದುರೇ ಬೆಳೆಯುವ ಮಗು ಬೆಳೆದದ್ದು ಮನೆಯವರಿಗೆ ಕಾಣುವುದಿಲ್ಲ. ನೆಂಟರು ಬಂದೇ ಹೇಳಬೇಕು.

“ಇದಕ್ಕೆ ನೀರು ಹಾಕಿದ್ದು ಯಾರು?” ಅಳಿಯನ ದನಿ ಕೀರಲಾಗಿತ್ತು.

“ನಾನೇ” ಎಂದರು ಅತ್ತೆ, ಮರೆಮಾಚದೆ. “ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ದಿನಾ ಚಮಚದಲ್ಲಿ ಹಾಕ್ತಿದ್ದೆ. ಮೊಲಕ್ಕೆ ಒಂದು ಹನಿ ತಾಗಿಸಿಲ್ಲ.”

“ಯಾಕತ್ತೆ?”

“ಬಾಯಾರಿತ್ತು.”

“ಯಾರಿಗೆ?”

“ಹುಲ್ಲಿಗೆ. ನಿಮ್ಮ ಮೊಲದ ಹೊಟ್ಟೇಲಿ ಬರೀ ಗಾಳಿ, ಅದಕ್ಯಾವ ಬಾಯಾರಿಕೆ?”

ಅಳಿಯ ಬಾಯಿ ತೆರೆದ. ಹೆಂಡತಿ ಎದ್ದು ಹೋಗಿ ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚತೊಡಗಿದಳು. ತಿರುಪು ತಿರುಗುವ ಸದ್ದು ಆ ಕೊಠಡಿಯಲ್ಲಿ ದೊಡ್ಡದಾಗಿ ಕೇಳಿಸಿತು. ತೆರೆದ ಬಾಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಾಗೆ ನೆನಪಾಯಿತು, ಬಲೆಯ ಸಿಂಹ ನೆನಪಾಯಿತು.

“ನಿಮ್ಮ ಜಗಳ ಆಮೇಲೆ ಆಡ್ಕೊಳ್ಳಿ” ಎಂದರು ಅತ್ತೆ. “ಈ ನಿದ್ದೆಗೆ ಕಥೆ ಹೇಳೋದು ನನ್ನ ಪಾಲಿಗೆ ಬಾಕಿ ಇದೆ. ಕಥೇನ ಅರ್ಧಕ್ಕೆ ನಿಲ್ಲಿಸಿದ್ರೆ ಕೇಳಿದೋರಿಗೆ ನಿದ್ದೆ ಹತ್ತಲ್ಲ, ಹೇಳಿದೋರಿಗೆ ಅನ್ನ ಇಳಿಯಲ್ಲ. ಮೈಕು ಹಚ್ಚಿ. ಇನ್ನೊಂದ್ಸಲ ಓಡಿಸು ಮಗಳೇ.”

ಮಗಳು ಓಡಿಸಿದಳು. ಅತ್ತೆ ಪರದೆ ನೋಡುತ್ತ, ತೊಟ್ಟಿಲು ತೂಗುವ ದನಿಯಲ್ಲಿ ಹೇಳಿದರು:

“ಮೊಲಪ್ಪ ಮಲಗಿದ. ಒಂದು ಗಳಿಗೆ ಮಲಗ್ತೀನಿ ಅಂದ. ಹುಲ್ಲು ಬಂದು ಕಾಲು ಮುಟ್ಟಿ ಕೇಳ್ತು, ಎದ್ದೇನೋ ಮೊಲಪ್ಪಾ? ಗೊರ್ ಅಂದ. ಸೊಂಟ ಮುಟ್ಟಿ ಕೇಳ್ತು, ಎದ್ದೇನೋ? ಗೊರ್. ಮೂಗು ಮುಟ್ಟಿ ಕೇಳ್ತು. ಗೊರ್, ಗೊರ್. ಆಗ ಆ ಕಡೆಯಿಂದ ಆಮೆಯಪ್ಪ ಬಂದ. ನಡೆದೋನ ಕಾಲು ಉದ್ದ ಆಗುತ್ತೆ, ಕಂದಾ. ನೋಡು ಬೇಕಾದ್ರೆ.”

ಉದ್ದಕಾಲಿನ ಆಮೆ ನಡೆದುಹೋಯಿತು. ಅಳಿಯನ ಗಂಟಲಿನಿಂದ ವಿಚಿತ್ರ ಸದ್ದೊಂದು ಹೊರಟಿತು. ಅಳುತ್ತಿದ್ದಾನೆಂದು ಹೆಂಡತಿ ತಿರುಗಿದಳು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಮೊದ...” ಎಂದ, ಕಣ್ಣೊರೆಸಿಕೊಳ್ಳುತ್ತ.

“ಏನಂದ್ರಿ?” ಹೆಂಡತಿಯ ಕೈ ಮತ್ತೆ ತಿರುಪಿನ ಕಡೆಗೆ ಹೋಯಿತು.

“ಮೊದಲ ಸಲಾನೇ ಚೆನ್ನಾಗಿ ಬಂದಿದೆ ಅಂದೆ.”

ಮಕ್ಕಳ ಕೋಣೆ ತೆರೆದ ದಿನ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಲ್ಲು ಏಳುತ್ತಿದ್ದಂತೆ ಮಕ್ಕಳೂ ಎದ್ದವು. “ಏಳೋ! ಹುಲ್ಲು ಬಂತು! ಸೊಂಟಕ್ಕೆ ಬಂತು ಕಣೋ!” ಎಂದು ಮೊಲಕ್ಕೆ ಕೂಗಿ ಕೂಗಿ ಸುಸ್ತಾದವು. ಕೊನೆಯ ಸಾಲಿನಲ್ಲಿ ಅತ್ತೆ, ಅಳಿಯ, ಮಗಳು.

ಆಗಲೇ ಅಳಿಯನ ಕಣ್ಣಿಗೆ ಅದು ಬಿತ್ತು. ಮೊಲದ ಬಲಗಿವಿಯ ತುದಿಯಲ್ಲಿ, ದೀಪಕ್ಕೆ ಫಳಕ್ಕನೆ ಹೊಳೆದು ಮರೆಯಾದ ಒಂದು ಹನಿ ನೀರು. ತಲೆಯಲ್ಲಿದ್ದ ಹುಳ ಹೆಡೆಯೆತ್ತಿತು. ನಿಲ್ಲಿಸಬೇಕು, ಅದೊಂದನ್ನು ಸರಿಮಾಡಬೇಕು, ಗ್ರಂಥಾಲಯದಮ್ಮನಿಗೆ ಹೇಳಬೇಕು ಎಂದು ಕುರ್ಚಿಯ ಕೈ ಹಿಡಿದು ಏಳಹೊರಟ.

ಏನೋ ಬಂದು ಭುಜದ ಮೇಲೆ ಭಾರವಾಗಿ ಕೂತಿತು. ಅತ್ತೆ, ಕೋಣೆಯೇ ಹಾರಿಹೋಗುವ ಆ ಗದ್ದಲದಲ್ಲಿ, ತಮ್ಮದೇ ಕಥೆ ಕೇಳುತ್ತ ನಿದ್ದೆಹೋಗಿ ಅಳಿಯನ ಭುಜಕ್ಕೆ ಒರಗಿದ್ದರು. ಬಾಯಿ ತುಸು ತೆರೆದಿತ್ತು. ಉಸಿರು ಏರಿತು, ಇಳಿಯಿತು. ಯಾರೂ ಗಾಳಿ ತುಂಬಬೇಕಿರಲಿಲ್ಲ, ಬಿಡಬೇಕಿರಲಿಲ್ಲ. ಅತ್ತ ಕಡೆ ಕೂತ ಹೆಂಡತಿ ಇವನ ಅವಸ್ಥೆ ನೋಡಿ ಸೆರಗು ಬಾಯಿಗೊತ್ತಿಕೊಂಡಳು.

ಅಳಿಯ ಕುರ್ಚಿಯ ಕೈ ಬಿಟ್ಟ. ಪರದೆಯ ಮೇಲೆ ಆಮೆ ಗೆರೆ ದಾಟಿತು, ಮಕ್ಕಳು ಚಪ್ಪಾಳೆ ತಟ್ಟಿದವು, ಸಿನಿಮಾ ಮುಗಿಯಿತು. ಅವನು ಮಾತ್ರ ಒಂದು ಹುಲ್ಲುಕಡ್ಡಿಯಷ್ಟೂ ಅಲ್ಲಾಡದೆ ಕೂತಿದ್ದ.